ಇಪ್ಪತ್ತೇಳರ ಹಾಲು

ನಮ್ಮೂರ ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರ್ ಶುರು ಮಾಡಿದ ದಿನ ಅದಕ್ಕೆ ಆರತಿ ಬೆಳಗಿದ ಮುತ್ತೈದೆಯರಲ್ಲಿ ನಮ್ಮ ಚಿಗವ್ವನೂ ಒಬ್ಬಳು. ಕಾಕಾನ ಹೆಂಡತಿ, ಪಕ್ಕದ ಮನೆ, ಎರಡೂ ಮನೆಗೆ ಹಿತ್ತಲು ಒಂದೇ. ಪರದೆಯ ಗಾಜಿಗೇ ಕುಂಕುಮ ಹಚ್ಚಲು ಹೋದವಳನ್ನು ನನ್ನ ಅಣ್ಣ ತಡೆದು, ಪೆಟ್ಟಿಗೆಯ ಮೇಲೆ ಹಚ್ಚು ಎಂದ. ಅವಳು ಹಚ್ಚಿ, ಕೈಮುಗಿದು, ನನ್ನ ಕಿವಿಯ ಹತ್ತಿರ ಬಾಗಿ, ‘ಇದು ಮಾತಾಡತೈತೇನ?’ ಎಂದು ಕೇಳಿದಳು. ‘ಮಾತಾಡಂಗಿಲ್ಲ ಚಿಗವ್ವ, ಬರೇ ಕೂಗತೈತಿ’ ಎಂದು ನಾನು ನಕ್ಕೆ. ಅವಳೂ ನಕ್ಕಳು. ಆ ನಗು ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಇರಲಿ, ಈ ವಿಷಯದಲ್ಲಿ ಅದು ಇರಬೇಕಾದ ಜಾಗದಲ್ಲೇ ಇದೆ.

ಇದು ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ನಮ್ಮದು ದೊಡವಾಡದ ಆಚೆಗಿನ ಸಣ್ಣ ಊರು. ನಾನು ದಿನಾ ಬಸ್ಸಿನಲ್ಲಿ ಬೈಲಹೊಂಗಲದ ಕಾಲೇಜಿಗೆ ಹೋಗಿ ಬರುತ್ತಿದ್ದೆ, ಬಿಎಸ್ಸಿ ಮೊದಲ ವರ್ಷ. ಅಣ್ಣ ಅದಕ್ಕೂ ಮುಂಚೆ ಅದೇ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಹೋಗಿ, ಸಿ ಭಾಷೆ ಕಲಿತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದ. ಕೆಲಸ ಮಾತ್ರ ಸಿಕ್ಕಿರಲಿಲ್ಲ. ಸೊಸೈಟಿಯವರು ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದಾಗ, ಅದನ್ನು ನಡೆಸುವವರು ಊರಲ್ಲಿ ಅವನೊಬ್ಬನೇ. ಸೆಕ್ರೆಟರಿ ಕರೆದು, ‘ನಮ್ಮ ಹಾಲಿನ ಲೆಕ್ಕ ಇದರಾಗ ಕುಂದ್ರಸು, ನಿನ್ನ ಇಲ್ಲೇ ಕಾಯಂ ಮಾಡಸ್ತೀನಿ’ ಎಂದಿದ್ದರು. ಅಣ್ಣನಿಗೆ ಕೋಡು ಮೂಡಿತು.

ಹಾಲಿನ ಲೆಕ್ಕ ಎಂದರೆ ದೊಡ್ಡದೇನಲ್ಲ, ಒಂದೇ ಒಂದು ಸೂತ್ರ. ಹೆಂಗಸರು ಹೊತ್ತು ಮೂಡುವ ಮೊದಲೇ ಚರಿಗೆ, ತಂಬಿಗೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿನ ಕೊಬ್ಬು ಎಷ್ಟು ಎಂದು ಮೊದಲು ನೋಡುತ್ತಾರೆ, ಅದಕ್ಕೆ ಫ್ಯಾಟ್ ಅನ್ನುತ್ತಾರೆ. ಆಮೇಲೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕೊಳವೆಯನ್ನು ಹಾಲಿನಲ್ಲಿ ತೇಲಿಬಿಟ್ಟು, ಅದು ಯಾವ ಗೆರೆಯ ತನಕ ಮುಳುಗಿತು ಎಂದು ನೋಡುತ್ತಾರೆ. ಗೆರೆಯ ಅಂಕಿಯನ್ನು ನಾಲ್ಕರಿಂದ ಭಾಗಿಸಬೇಕು. ಅದಕ್ಕೆ ಫ್ಯಾಟಿನ ಒಂದು ಪಾಲು ಕೂಡಿಸಬೇಕು. ಮೇಲೆ ಇನ್ನೊಂದಿಷ್ಟು ಸೇರಿಸಬೇಕು. ಬಂದದ್ದು ಹಾಲಿನ ಗಟ್ಟಿ ಅಂಶ. ಅದು ಎಂಟೂವರೆಗಿಂತ ಕಡಿಮೆ ಬಂದರೆ ಹಾಲಿಗೆ ನೀರು ಬಿದ್ದಿದೆ ಎಂದು ಸೊಸೈಟಿಯ ತೀರ್ಮಾನ. ಇದನ್ನೆಲ್ಲ ಮೊದಲು ಗೋಡೆಗೆ ಹಚ್ಚಿದ ಒಂದು ತಕ್ತೆಯಲ್ಲಿ ಬೆರಳಿಟ್ಟು ನೋಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಸೆಕ್ರೆಟರಿ ಆ ತಕ್ತೆ ಕಿತ್ತು, ಅದೇ ಮೊಳೆಗೆ ದೇವರ ಕ್ಯಾಲೆಂಡರ್ ತೂಗುಹಾಕಿದರು.

ಅಣ್ಣ ಆ ಪ್ರೋಗ್ರಾಂ ಬರೆದದ್ದು ನಮ್ಮ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಗೋಣಿಚೀಲದ ಮೇಲೆ ಕೂತು, ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಬರೆದು ಬರೆದು ಜೋರಾಗಿ ಓದುತ್ತಿದ್ದ. ಲ್ಯಾಕ್ಟೋಮೀಟರಿನ ಅಂಕಿ ಇಂಟ್, ಫ್ಯಾಟ್ ಫ್ಲೋಟ್. ನನಗೆ ಆಗ ಸಿ ಬರುತ್ತಿರಲಿಲ್ಲ, ಕಾಲೇಜಿನಲ್ಲಿ ಇನ್ನೂ ಕಂಪ್ಯೂಟರಿನ ಚಿತ್ರ ಬಿಡಿಸಿ ಭಾಗ ಗುರುತಿಸುವುದರಲ್ಲೇ ಇದ್ದೆವು. ‘ಇಂಟ್ ಅಂದ್ರ ಏನೋ?’ ಎಂದು ಕೇಳಿದರೆ, ‘ಪೂರ್ಣಾಂಕ. ಗೆರಿ ಪೂರ್ಣ ಇರತಾವಲ್ಲ, ಇಪ್ಪತ್ತೆಂಟು, ಮೂವತ್ತು ಅಂತ, ಅದಕ್ಕ. ಫ್ಯಾಟಿಗೆ ಚುಕ್ಕಿ ಬರತೈತಿ, ಅದಕ್ಕ ಫ್ಲೋಟ್’ ಎಂದು ಮೇಷ್ಟ್ರ ಧಾಟಿಯಲ್ಲಿ ಹೇಳಿದ. ನನಗೆ ಅಣ್ಣನ ಮೇಲೆ ಹೆಮ್ಮೆಯೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಬರೆದ ಮೇಲೆ ಪರೀಕ್ಷೆಯನ್ನೂ ಮಾಡಿದ. ನಮ್ಮ ಎಮ್ಮೆಯ ಹಾಲು ಒಯ್ದು ತೇಲಿಬಿಟ್ಟರೆ ಇಪ್ಪತ್ತೆಂಟು ಬಂತು. ಕಂಪ್ಯೂಟರ್ ಕೊಟ್ಟ ಉತ್ತರವೂ ತಕ್ತೆಯ ಉತ್ತರವೂ ಒಂದೇ. ಸೆಕ್ರೆಟರಿ ಅಣ್ಣನ ಬೆನ್ನು ತಟ್ಟಿದರು. ಅಷ್ಟಕ್ಕೆ ಬಿಟ್ಟಿದ್ದರೆ ಆಗಿತ್ತು. ಅಣ್ಣನಿಗೆ ಇನ್ನೊಂದು ಕರಾಮತ್ತು ಗೊತ್ತಿತ್ತು, ಕಂಪ್ಯೂಟರಿನಿಂದ ಸಪ್ಪಳ ಹೊರಡಿಸುವುದು. ಗಟ್ಟಿ ಅಂಶ ಎಂಟೂವರೆಗಿಂತ ಕೆಳಗೆ ಇಳಿದರೆ ಪರದೆಯ ಮೇಲೆ ದೊಡ್ಡಕ್ಷರದಲ್ಲಿ ವಾಟರ್ ಎಂದು ಬರಬೇಕು, ಜೊತೆಗೆ ಪೀಂ ಎಂದು ಕೂಗಬೇಕು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳುವಂತೆ ಅದು ಕೂಗುತ್ತಿತ್ತು.

ಇನ್ನು ಚಿಗವ್ವನ ಮಾತು. ಕಾಕಾ ಯರಗಟ್ಟಿಯ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಎಮ್ಮೆಯೇ ಅವಳ ಸಂಸಾರ. ಕೊಟ್ಟಿಗೆಯ ನೆಲ ನಮ್ಮ ಪಡಸಾಲೆಗಿಂತ ಚೊಕ್ಕ ಇರುತ್ತಿತ್ತು. ಹಾಲಿನ ವಿಷಯದಲ್ಲಂತೂ ಅವಳು ಮಹಾ ಕಟ್ಟುನಿಟ್ಟು. ಊರಲ್ಲಿ ಯಾರ ಮನೆಗೆ ಬಾಣಂತಿ ಬಂದರೂ, ಯಾರ ಮನೆಯಲ್ಲಿ ಪೂಜೆ ಆದರೂ, ‘ಚಿಗವ್ವನ ಮನಿ ಹಾಲು ತರ್ರಿ’ ಎಂದು ಕಳಿಸುತ್ತಿದ್ದರು. ಊರಿಗೆಲ್ಲ ಅವಳು ಚಿಗವ್ವನೇ. ಆ ಹೆಸರು ಬಿಟ್ಟರೆ ಅವಳಿಗೆ ಇದ್ದದ್ದು ಹಾಲಿನ ಹೆಸರು.

ಒಂದು ರೂಢಿ ಮಾತ್ರ ಇತ್ತು. ಬರೀ ಹಾಲು ಮನೆಯ ಹೊಸ್ತಿಲು ದಾಟಬಾರದು, ದಾಟಿದರೆ ಎಮ್ಮೆಯ ಕೆಚ್ಚಲಿಗೆ ಕಣ್ಣು ಬೀಳುತ್ತದೆ. ಅದಕ್ಕೆ ನೀರಿನಲ್ಲಿ ಬೆರಳು ಅದ್ದಿ, ಕರೆದ ಹಾಲಿನ ಮೇಲೆ ಒಂದು ಹನಿ ಚಿಮುಕಿಸುವುದು. ಇದನ್ನು ನಮ್ಮ ಅಜ್ಜಿ ತನ್ನ ಇಬ್ಬರೂ ಸೊಸೆಯರಿಗೆ ಕಲಿಸಿದ್ದಳು. ಚಿಗವ್ವ ಚಿಮುಕಿಸುತ್ತಿದ್ದಳು, ನಮ್ಮವ್ವನೂ ಚಿಮುಕಿಸುತ್ತಿದ್ದಳು, ಸಾಲಿನಲ್ಲಿ ನಿಲ್ಲುತ್ತಿದ್ದ ಅರ್ಧಕ್ಕರ್ಧ ಹೆಂಗಸರು ಚಿಮುಕಿಸುತ್ತಿದ್ದರು. ಒಂದು ಚರಿಗೆ ಹಾಲಿಗೆ ಒಂದು ಹನಿ. ಯಾವ ಗಾಜಿನ ಕೊಳವೆಗೂ ಅದು ತಿಳಿಯುವ ಮಾತಲ್ಲ.

ಕಂಪ್ಯೂಟರ್ ಮೊದಲ ಸಲ ಕೂಗಿದ್ದು ಚಿಗವ್ವನ ಹಾಲಿಗೆ. ನಾನು ಆ ಬೆಳಿಗ್ಗೆ ಅವ್ವನ ಜೊತೆ ಸಾಲಿನಲ್ಲಿದ್ದೆ. ಲ್ಯಾಕ್ಟೋಮೀಟರ್ ಇಪ್ಪತ್ತೇಳು, ಫ್ಯಾಟು ಎಂದಿನಂತೆ ಚೆನ್ನಾಗಿಯೇ ಇತ್ತು. ಅಣ್ಣ ಅಂಕಿ ಒತ್ತಿದ. ಪೀಂ. ಹೆಂಗಸರೆಲ್ಲ ಬೆಚ್ಚಿ, ಆಮೇಲೆ ಕಿಸಕ್ಕೆಂದು ನಕ್ಕರು. ಚಿಗವ್ವನೂ ನಕ್ಕಳು, ಪಾಪ, ಅದು ತನ್ನನ್ನು ನೋಡಿ ಕೂಗಿದ್ದು ಎಂದು ತಿಳಿಯದೆ. ಸೆಕ್ರೆಟರಿ ಪರದೆ ನೋಡಿ, ‘ನೀರು ಅಂತೈತಿ’ ಎಂದರು. ಅಣ್ಣ ಮತ್ತೊಮ್ಮೆ ಒತ್ತಿದ. ಮತ್ತೆ ಪೀಂ. ಮೊದಲ ಸಲ ಎಂದು ಹಾಲು ಹಾಕಿಸಿಕೊಂಡು ಕಳಿಸಿದರು.

ಮರುದಿನ ಮತ್ತೆ ಇಪ್ಪತ್ತೇಳು, ಮತ್ತೆ ಪೀಂ. ಅದರ ಮರುದಿನ ಇಪ್ಪತ್ತೆಂಟು ಬಂತು, ಕಂಪ್ಯೂಟರ್ ಸುಮ್ಮನಿತ್ತು. ಅದು ಇನ್ನೂ ಕೆಟ್ಟದಾಯಿತು. ‘ನಿನ್ನಿ ಹಾಕಿದ್ಳು, ಇವತ್ತ ಅಂಜಿ ಬಿಟ್ಟಾಳ’ ಎಂದು ಹಿಂದೆ ನಿಂತವರು ಪಿಸುಗುಟ್ಟಿದರು. ನಾಲ್ಕನೆಯ ದಿನ ಮತ್ತೆ ಅದು ಕೂಗಿದಾಗ ಸೆಕ್ರೆಟರಿ ಎದ್ದು ನಿಂತರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಮೆಲ್ಲಗೆಯೇ ಕೇಳಿದರು.

‘ಚಿಗವ್ವಾ, ಖರೇ ಹೇಳ. ನೀರ ಹಾಕ್ತಿ ಏನ?’

ಚಿಗವ್ವ ಪರದೆಯನ್ನು ನೋಡಿದಳು. ಅವಳ ಮುಖದಲ್ಲಿ ಆಗ ಕಂಡದ್ದು ಸಿಟ್ಟಲ್ಲ, ನಾಚಿಕೆಯೂ ಅಲ್ಲ, ಅದು ಭಕ್ತಿ. ಒಂದು ಹನಿಯನ್ನು ಕಂಡುಹಿಡಿದುಬಿಟ್ಟಿತಲ್ಲ ಎಂಬ ಬೆರಗು. ‘ಹಾಕ್ತೇನ್ರಿ’ ಎಂದಳು. ‘ಒಂದ ಹನಿ ಹಾಕ್ತೇನ್ರಿ. ನಮ್ಮತ್ತಿ ಹೇಳಿದ್ಳು.’

ಯಾರೋ ‘ಒಂದ ಹನಿನಂತ’ ಎಂದು ನಕ್ಕರು. ಸಾಲಿನ ಹೆಂಗಸರು ತಮ್ಮ ತಮ್ಮ ಚರಿಗೆಯೊಳಗೆ ಇಣುಕಿದರು. ತಾನೂ ಹಾಕುತ್ತೇನೆ ಎಂದು ಒಬ್ಬಳೂ ಬಾಯಿ ಬಿಡಲಿಲ್ಲ. ನಾನು ಅವ್ವನ ಮುಖ ನೋಡಿದೆ. ಅವ್ವ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ಅವಳ ಸರದಿ ಬಂದಾಗ ನಮ್ಮ ಹಾಲು ಇಪ್ಪತ್ತೆಂಟು ಬಂತು, ಆ ಹನಿಯ ಸಮೇತ. ಮನೆಗೆ ಬಂದ ಮೇಲೆ, ‘ನೀನೂ ಹಾಕ್ತೀಯಲ್ಲ, ಯಾಕ ಹೇಳಲಿಲ್ಲ?’ ಎಂದು ನಾನು ಕೂಗಾಡಿದೆ. ‘ನಿಮ್ಮಣ್ಣ ಕುಂತಿದ್ನಲ್ಲ ಅಲ್ಲಿ, ಹೆಂಗ ಹೇಳ್ಲಿ?’ ಎಂದಳು ಅವ್ವ. ಅವತ್ತಿನಿಂದ ಅವಳು ಹನಿ ಹಾಕುವುದನ್ನು ಬಿಟ್ಟಳು.

ಚಿಗವ್ವನೂ ಬಿಟ್ಟಳು. ಆದರೂ ಕಂಪ್ಯೂಟರ್ ಕೂಗುವುದನ್ನು ಬಿಡಲಿಲ್ಲ. ಹನಿ ಹಾಕಿಲ್ಲ, ಮತ್ತೆ ಎಲ್ಲಿಂದ ಬಂತು ನೀರು? ಅವಳು ಹುಡುಕಲು ಶುರು ಮಾಡಿದಳು. ಚರಿಗೆ ತೊಳೆದ ನೀರು ಉಳಿದಿರಬೇಕು ಎಂದು ಚರಿಗೆಯನ್ನು ಬಿಸಿಲಿಗೆ ಬೋರಲು ಹಾಕಿ, ಕರೆಯುವ ಮುಂಚೆ ಸೆರಗಿನಿಂದ ಒರೆಸಿದಳು. ಕೆಚ್ಚಲು ತೊಳೆದ ನೀರು ಇಳಿದಿರಬೇಕು ಎಂದು ಕೆಚ್ಚಲನ್ನು ಒಣಬಟ್ಟೆಯಿಂದ ಮತ್ತೆ ಮತ್ತೆ ಒತ್ತಿದಳು, ಎಮ್ಮೆ ಒದೆಯುವ ತನಕ. ಕಡೆಗೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ನೋಡುತ್ತೇನೆ, ಎಮ್ಮೆ ಬಕೆಟಿನೊಳಗೆ ಮೂತಿ ಹಾಕಿ ನೀರು ಕುಡಿಯುತ್ತಿದೆ, ಅವಳು ಅರ್ಧಕ್ಕೇ ಬಕೆಟ್ ಕಸಿದುಕೊಂಡಳು. ಎಮ್ಮೆ ಕೊರಳು ಚಾಚಿತು.

‘ಯಾಕ ಚಿಗವ್ವ?’

‘ಬಾಳ ನೀರ ಕುಡೀತೈತೆವ್ವಾ ಇದು. ಅದಕ್ಕ ಹಾಲಾಗ ನೀರ ಬರಾಕಹತ್ತೈತಿ.’

ನನಗೆ ಅಳು ಬಂತು. ಆದರೆ ಅವಳ ಮಾತು ತಪ್ಪು ಎಂದು ಹೇಳಲು ನನ್ನ ಹತ್ತಿರ ಏನಿತ್ತು? ಕಂಪ್ಯೂಟರ್ ತಪ್ಪು ಹೇಳುತ್ತದೆ ಎಂಬುದು ಆಗ ನನ್ನ ತಲೆಗೂ ಹೊಳೆದಿರಲಿಲ್ಲ. ಅವಳು ನಿಜಕ್ಕೂ ನೀರು ಹಾಕುತ್ತಿರಬಹುದೇ ಎಂದು ನಾನೂ ಒಂದು ಗಳಿಗೆ ಅನುಮಾನಪಟ್ಟದ್ದುಂಟು. ನೀರಿಲ್ಲದೆ ಎಮ್ಮೆಯ ಹಾಲು ಇಳಿಯಿತು. ಅಷ್ಟರಲ್ಲಿ ಸೆಕ್ರೆಟರಿಯೂ, ‘ಸ್ವಲ್ಪ ದಿವಸ ಹಾಲು ತರಬ್ಯಾಡ ಚಿಗವ್ವಾ, ಮಂದಿ ಆಡಿಕೊಳ್ಳಾಕಹತ್ಯಾರ’ ಎಂದುಬಿಟ್ಟರು. ಊರ ಬಾಣಂತಿಯರ ಮನೆಯವರು ಬೇರೆ ಮನೆಯ ಬಾಗಿಲು ಬಡಿದರು. ವಾರಕ್ಕೊಮ್ಮೆ ಬಂದ ಕಾಕಾ ಎಲ್ಲ ಕೇಳಿಸಿಕೊಂಡು, ‘ಹಾಕಬಾರದಾಗಿತ್ತು’ ಎಂದನಂತೆ. ಅಷ್ಟೇ.

ನಮಗೆ ಕಾಲೇಜಿನಲ್ಲಿ ಸಿ ಶುರುವಾದದ್ದು ಅದರ ಬೆನ್ನಿಗೇ. ಬೈಲಹೊಂಗಲದ ಆ ಲ್ಯಾಬಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಒಂದು ಕಂಪ್ಯೂಟರಿನ ಮುಂದೆ ಮೂರು ನಾಲ್ಕು ಹುಡುಗಿಯರು. ಒಬ್ಬಳು ಕೀಲಿ ಒತ್ತುವುದು, ಉಳಿದವರು ಅವಳ ತಲೆ ತಿನ್ನುವುದು. ಕರೆಂಟು ಹೋದರೆ ಎಲ್ಲರೂ ಒಟ್ಟಿಗೆ ‘ಹೋ’ ಎಂದು ಕೂಗುವುದು. ಮೊದಮೊದಲು ಬರೀ ಸೂತ್ರಗಳ ಲೆಕ್ಕ. ವೃತ್ತದ ಕ್ಷೇತ್ರಫಲ ಆಯಿತು, ಸರಳಬಡ್ಡಿ ಆಯಿತು. ಆಮೇಲೆ ಜ್ವರದ ಕಾವನ್ನು ಫ್ಯಾರನ್‌ಹೀಟಿನಿಂದ ಸೆಲ್ಸಿಯಸ್ಸಿಗೆ ತಿರುಗಿಸುವ ಲೆಕ್ಕ. ಮೂವತ್ತೆರಡು ಕಳೆದು, ಐದು ಭಾಗಿಸು ಒಂಬತ್ತರಿಂದ ಗುಣಿಸಬೇಕು. ನಾನು ‘ಐದು ಭಾಗಿಸು ಒಂಬತ್ತು’ ಎಂಬುದನ್ನೇ ಮೊದಲು ಬರೆದೆ. ಯಾವ ಅಂಕಿ ಕೊಟ್ಟರೂ ಉತ್ತರ ಸೊನ್ನೆ. ನೂರು ಕೊಟ್ಟರೂ ಸೊನ್ನೆ, ಇನ್ನೂರು ಕೊಟ್ಟರೂ ಸೊನ್ನೆ. ಸಿಟ್ಟಿನಿಂದ ಕೀಲಿಮಣೆ ಕುಟ್ಟಿದೆ.

ಸರ್ ಬಂದು ಹಿಂದೆ ನಿಂತರು. ‘ಅದನ್ಯಾಕ ಹೊಡೀತಿ? ಐದರಾಗ ಒಂಬತ್ತು ಎಷ್ಟ ಸಲ ಹೋಗತೈತಿ?’

‘ಹೋಗಂಗಿಲ್ರಿ ಸರ್.’

‘ಹೋಗಂಗಿಲ್ಲ ಅಂದ್ರ ಸೊನ್ನಿ. ಪೂರ್ಣಾಂಕಾನ ಪೂರ್ಣಾಂಕದಿಂದ ಭಾಗಿಸಿದ್ರ ಇದು ಪೂರ್ಣಾಂಕಾನ ಕೊಡತೈತಿ. ಉಳಿದಿದ್ದು ಒಗದಬಿಡತೈತಿ. ಐದರ ಮುಂದ ಒಂದ ಚುಕ್ಕಿ ಇಟ್ಟು ಸೊನ್ನಿ ಹಾಕು.’

ಹಾಕಿದೆ. ಸರಿಯಾದ ಉತ್ತರ ಬಂತು. ಗೆಳತಿಯರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ‘ಒಗದಬಿಡತೈತಿ’ ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ಒಲೆಯ ಪಕ್ಕ ಕೂತ ಅಣ್ಣ, ಲ್ಯಾಕ್ಟೋಮೀಟರಿನ ಅಂಕಿ ಇಂಟ್, ಭಾಗಿಸು ನಾಲ್ಕು.

ಊರಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ, ಕಂಬಿಗೆ ಹೆಗಲು ಕೊಟ್ಟು, ಅಂಗೈ ಮೇಲೆ ಪೆನ್ನಿನಿಂದ ಲೆಕ್ಕ ಮಾಡಿದೆ. ಇಪ್ಪತ್ತೆಂಟನ್ನು ನಾಲ್ಕರಿಂದ ಭಾಗಿಸಿದರೆ ಏಳು, ಉಳಿಯುವುದು ಏನೂ ಇಲ್ಲ, ಒಗೆಯುವುದೂ ಏನೂ ಇಲ್ಲ. ಇಪ್ಪತ್ತೇಳನ್ನು ಭಾಗಿಸಿದರೆ ಆರೂ ಮುಕ್ಕಾಲು. ಅಣ್ಣನ ಕಂಪ್ಯೂಟರ್ ಆ ಮುಕ್ಕಾಲನ್ನು ಒಗೆದು ಆರು ಎನ್ನುತ್ತದೆ. ಆ ಮುಕ್ಕಾಲು ಸೇರಿದರೆ ಚಿಗವ್ವನ ಹಾಲು ಎಂಟೂವರೆ ದಾಟುತ್ತದೆ. ಸೇರದಿದ್ದರೆ ಎಂಟಕ್ಕೂ ಕೆಳಗೆ ಬೀಳುತ್ತದೆ. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದರ ಹಾಲುಗಳಲ್ಲೂ ಅದು ಒಗೆಯುತ್ತಿತ್ತು, ಆದರೆ ಅವು ಒಗೆದ ಮೇಲೂ ಪಾಸಾಗುತ್ತಿದ್ದವು, ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತಾರರದು ನಿಜವಾಗಿಯೂ ತೆಳ್ಳನೆಯ ಹಾಲು. ಒಳ್ಳೆಯ ಹಾಲಾಗಿಯೂ ಸಿಕ್ಕಿಬೀಳುವುದು ಇಪ್ಪತ್ತೇಳೊಂದೇ. ಚಿಗವ್ವನ ಎಮ್ಮೆಯದು ಇಪ್ಪತ್ತೇಳು. ಪರೀಕ್ಷೆ ಮಾಡಿದ ನಮ್ಮ ಎಮ್ಮೆಯದು ಇಪ್ಪತ್ತೆಂಟು. ದೊಡವಾಡ ದಾಟುವಷ್ಟರಲ್ಲಿ ಅಂಗೈ ಬೆವರಿ ಶಾಯಿ ಕದಡಿತ್ತು.

ಅಣ್ಣ ಸೊಸೈಟಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ಮಾತು ಸುತ್ತಿ ಬಳಸಿ ಹೇಳುವವಳಲ್ಲ. ‘ನಿನ್ನ ಪ್ರೋಗ್ರಾಂ ತಪ್ಪೈತಿ. ಚಿಗವ್ವ ನೀರ ಹಾಕಿಲ್ಲ’ ಎಂದೆ. ಅವನು ಮೊದಲು ನಕ್ಕ. ಕಾಲೇಜಿಗೆ ಹೋಗಿ ನಾಲ್ಕು ದಿನ ಆಗಿಲ್ಲ ಎಂದ. ಒಳಗೆ ಕರೆದುಕೊಂಡು ಹೋಗಿ ಇಪ್ಪತ್ತೇಳು ಒತ್ತಿಸಿದೆ, ಕಾಗದದ ಮೇಲೆ ಕೈಯಿಂದ ಮಾಡಿಸಿದೆ. ಅವನ ನಗು ಹೋಯಿತು. ಮುಖ ಸುಣ್ಣದ ಹಾಗಾಯಿತು. ನಾಲ್ಕರ ಮುಂದೆ ಚುಕ್ಕಿ ಇಟ್ಟು ಒಂದು ಸೊನ್ನೆ ಹಾಕಿದ. ಇಪ್ಪತ್ತೇಳು ಒತ್ತಿದ. ಕಂಪ್ಯೂಟರ್ ಕೂಗಲಿಲ್ಲ.

‘ಸರಿ ಆತಲ್ಲ’ ಎಂದ.

‘ಏನ ಸರಿ ಆತು? ಆಕಿ ಹೆಸರು?’

ಸೆಕ್ರೆಟರಿ ಬಂದರು. ವಿಷಯ ಕೇಳಿ ಅವರ ತಲೆ ತಿರುಗಿತು. ಕುರ್ಚಿ ಮೇಲೆ ಕೂತು, ‘ತಂಗಿ, ಇದನ್ನ ಹೊರಗ ಆಡಬ್ಯಾಡ. ಮಶೀನು ಒಂದ ಸಲ ತಪ್ಪಿದ್ದು ಅಂತ ಗೊತ್ತಾದ್ರ ನಾಳೆ ಖರೇನ ನೀರ ಹಾಕಿದವ್ರೂ ಬಂದು ಜಗಳಾ ತೆಗೀತಾರ. ನಿಮ್ಮಣ್ಣನ್ನ ಇಟ್ಟುಕೊಳ್ಳಾಕ ಕಮಿಟಿ ಒಪ್ಪಂಗಿಲ್ಲ’ ಎಂದರು. ಅಣ್ಣ ನನ್ನ ಮುಖ ನೋಡಿದ. ಅಷ್ಟು ದೊಡ್ಡ ಗಂಡಸು, ಕಣ್ಣಲ್ಲೇ ಕೈಮುಗಿಯುತ್ತಿದ್ದ. ನನಗೆ ಅವನ ಮೇಲೆ ಕನಿಕರ ಬಂತು, ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ‘ನಾನು ಹೇಳಾಕೀನ’ ಎಂದು ಎದ್ದು ಬಂದೆ.

ಹೇಳಿದೆ ಕೂಡ. ಮರುದಿನ ಬೆಳಿಗ್ಗೆ ಸಾಲಿನಲ್ಲೇ ಹೇಳಿದೆ, ದೊಡ್ಡ ದನಿಯಲ್ಲಿ. ಹೆಂಗಸರು ಕೇಳಿಸಿಕೊಂಡರು. ‘ಆಕಿನ ಬಾಯಿಬಿಟ್ಟು ಹೇಳ್ಯಾಳಲ್ಲ, ಹಾಕ್ತೇನಿ ಅಂತ. ನೀ ಮನ್ಯಾಕಿ ಅಂತ ಮುಚ್ಚಿ ಹಾಕಾಕಹತ್ತಿ’ ಎಂದರು ಒಬ್ಬರು. ಮುಕ್ಕಾಲು, ಒಗೆಯುವುದು, ಚುಕ್ಕಿ ಎಂದು ನಾನು ಹೇಳುತ್ತಾ ಹೋದಷ್ಟೂ ನಾನು ಏನೋ ಬಣ್ಣ ಹಚ್ಚುತ್ತಿದ್ದೇನೆ ಎಂಬಂತೆ ನೋಡಿದರು. ಅಣ್ಣ ಒಳಗೆ ಅಂಕಿ ಒತ್ತುತ್ತಾ ತಲೆ ಎತ್ತಲಿಲ್ಲ. ಅವನು ಎದ್ದು ಬಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು.

ಚಿಗವ್ವನಿಗೆ ರೊಟ್ಟಿಯ ಲೆಕ್ಕದಲ್ಲಿ ತಿಳಿಸಲು ಕೂತೆ. ‘ಇಪ್ಪತ್ತೇಳು ರೊಟ್ಟಿ ನಾಲ್ಕ ಮಂದಿಗೆ ಹಂಚು ಚಿಗವ್ವ.’

‘ಆರಾರು ಬರತಾವು. ಮೂರು ಉಳೀತಾವು. ಮುರದು ಕೊಡಬೇಕು.’

‘ಈ ಮಶೀನಿಗೆ ಮುರಿಯಾಕ ಬರತಿರಲಿಲ್ಲ. ಆ ಮೂರು ರೊಟ್ಟಿ ಬೀದಿಗೆ ಒಗದಬಿಡತಿತ್ತು. ನಿನ್ನ ಹಾಲಿನ ಪಾಲು ಅದರಾಗ ಹೋತು.’

ಅವಳು ಬಹಳ ಗಮನವಿಟ್ಟು ಕೇಳಿದಳು. ‘ಅಷ್ಟ ದೊಡ್ಡ ಮಶೀನು, ಮೂರು ರೊಟ್ಟಿ ಮುರಿಯಾಕ ಬರೂದಿಲ್ಲಾ?’ ಎಂದು ಅಚ್ಚರಿಪಟ್ಟಳು. ಗೆದ್ದೆ ಎಂದುಕೊಂಡೆ. ಅವಳು ಹೊಸ್ತಿಲ ಮೇಲೆ ಬೆರಳಿನಿಂದ ಏನೋ ಗೀಚುತ್ತಾ, ‘ರೊಟ್ಟಿ ಲೆಕ್ಕ ಖರೆ ಇರಬೇಕವ್ವಾ. ಆದ್ರ ನಾ ನೀರ ಹಾಕಿದ್ದು ಸುಳ್ಳಲ್ಲಲ್ಲ’ ಎಂದಳು.

‘ಒಂದ ಹನಿ ಚಿಗವ್ವ! ನಮ್ಮವ್ವನೂ ಹಾಕ್ತಿದ್ಳು!’

‘ನಿಮ್ಮವ್ವಗ ಕೂಗಲಿಲ್ಲಲ್ಲ.’

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾಳೆ ನೀನೇ ಹಾಲು ತೆಗೆದುಕೊಂಡು ಬಾ, ಈಗ ಕೂಗುವುದಿಲ್ಲ ಎಂದೆ. ‘ಕೂಗಿದ್ರ?’ ಎಂದಳು. ಕೂಗುವುದಿಲ್ಲ ಎಂದೆ. ‘ಕೂಗಿದ್ರ?’ ಎಂದಳು ಮತ್ತೆ. ನಾನೇ ಅವಳ ಚರಿಗೆ ಕಸಿದುಕೊಂಡು ಬೆಳಿಗ್ಗೆ ಸೊಸೈಟಿಗೆ ಒಯ್ದೆ. ಇಪ್ಪತ್ತೇಳೇ ಬಂತು, ಕಂಪ್ಯೂಟರ್ ತೆಪ್ಪಗಿತ್ತು. ಓಡುತ್ತಾ ಬಂದು, ‘ನೋಡು, ಅದಽ ಇಪ್ಪತ್ತೇಳು, ಕೂಗಲಿಲ್ಲ’ ಎಂದೆ. ಚಿಗವ್ವ ಖಾಲಿ ಚರಿಗೆ ಇಸಿದುಕೊಂಡು, ಬೇಸರವಿಲ್ಲದೆ, ಸಮಾಧಾನದಿಂದಲೇ ಹೇಳಿದಳು: ‘ಅದನ್ನ ಬರದಾವನ ತಂಗಿ ನೀ. ನಿನ್ನ ಮುಂದ ಅದು ಯಾಕ ಕೂಗತೈತವ್ವಾ?’



ಅಣ್ಣನನ್ನು ನಾನು ಬಿಡಲಿಲ್ಲ. ಹೋಗಿ ಅವಳ ಮುಂದೆ ನಿಂತು ನಿನ್ನ ಬಾಯಿಂದ ಹೇಳು ಎಂದು ದಿನಾ ಕಾಡಿದೆ. ಒಂದು ಸಂಜೆ ಹೋದ. ನಾನು ನಮ್ಮ ಹಿತ್ತಲ ಬಾಗಿಲಿನ ಈಚೆ ಕಿವಿಗೊಟ್ಟು ನಿಂತಿದ್ದೆ. ‘ಚಿಗವ್ವಾ, ಎಮ್ಮಿ ಹೆಂಗೈತಿ?’ ಎಂದ. ‘ಚಲೋ ಐತೆಪ್ಪಾ’ ಎಂದಳು. ‘ಹಂ’ ಎಂದ. ಆಮೇಲೆ ಬಂದುಬಿಟ್ಟ. ನಾನು ಅವನ ಜೊತೆ ಎಷ್ಟೋ ದಿನ ಮಾತು ಬಿಟ್ಟಿದ್ದೆ.

ಚಿಗವ್ವ ಸೊಸೈಟಿಯ ಕಟ್ಟೆ ಮತ್ತೆ ಹತ್ತಲಿಲ್ಲ. ಹಾಲನ್ನು ಹೆಪ್ಪು ಹಾಕಿ, ಮೊಸರು ಬೆಣ್ಣೆ ಮಾಡಿ, ನಾನು ಹೋಗುವ ಬಸ್ಸಿಗೇ ಬೈಲಹೊಂಗಲಕ್ಕೆ ಒಯ್ಯುತ್ತಿದ್ದಳು. ಅಲ್ಲಿ ಅವಳ ಕಥೆ ಯಾರಿಗೂ ಗೊತ್ತಿರಲಿಲ್ಲ. ಸೀಟು ಸಿಕ್ಕರೆ ನನಗೆ ಬಿಟ್ಟುಕೊಟ್ಟು, ‘ಓದಾಕಿ ಕುಂಡ್ರು’ ಎನ್ನುತ್ತಿದ್ದಳು. ನನ್ನ ತೊಡೆಯ ಮೇಲೆ ಸಿ ಪುಸ್ತಕ, ಅವಳ ಕಾಲ ಸಂದಿಯಲ್ಲಿ ಮೊಸರಿನ ಗಡಿಗೆ. ಆ ದಿನಗಳಲ್ಲಿ ನಾನು ಪ್ರತಿ ಲೆಕ್ಕವನ್ನೂ ನಾಲ್ಕು ಅಂಕಿ ಕೊಟ್ಟು ಪರೀಕ್ಷೆ ಮಾಡದೆ ಬಿಡುತ್ತಿರಲಿಲ್ಲ, ಸರ್ ಮೆಚ್ಚಿಕೊಳ್ಳುತ್ತಿದ್ದರು. ಒಮ್ಮೆ ಅವಳು ಕಿತ್ತೂರಿನ ಹತ್ತಿರದ ತನ್ನ ತವರಿಗೆ ಹೋಗಿ ಬಹಳ ದಿನ ಬರಲಿಲ್ಲ. ಎಮ್ಮೆಯನ್ನು ಅವ್ವ ನೋಡಿಕೊಂಡಳು. ಅವ್ವ ಅದರ ಮುಂದೆ ತುಂಬಿದ ಬಕೆಟ್ ಇಟ್ಟು, ಅದು ಕುಡಿದು ಮುಗಿಸುವ ತನಕ ನಿಂತಿರುತ್ತಿದ್ದಳು.

ಕಾಲ ಹೋಯಿತು. ನನ್ನನ್ನು ಸವದತ್ತಿಗೆ ಕೊಟ್ಟರು. ರಾಮದುರ್ಗದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮೊದಲ ವರ್ಷದವರಿಗೆ ಸಿ, ಅದೇ ಸೂತ್ರಗಳು, ಅದೇ ಜ್ವರದ ಲೆಕ್ಕ, ಅದೇ ಸೊನ್ನೆ. ಸೊನ್ನೆ ಬಂದಾಗ ಹುಡುಗಿಯರು ನಗುತ್ತಾರೆ. ನಗಬೇಡಿ ಎಂದು ನಾನು ರೇಗುತ್ತೇನೆ, ಇವರಿಗೆ ಏನಾಗಿದೆ ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅಣ್ಣ ಸೊಸೈಟಿಯಲ್ಲಿ ಕಾಯಂ ಆದ. ಕಂಪ್ಯೂಟರ್ ಬದಲಾಯಿತು, ಹೊಸದು ಲೆಕ್ಕವನ್ನು ತಾನೇ ಮಾಡುತ್ತದೆ, ಕೂಗುವುದಿಲ್ಲ. ಊರವರಿಗೆ ಆ ಪೀಂ ಮರೆತೇ ಹೋಗಿತ್ತು. ಚಿಗವ್ವನಿಗೂ ಮರೆತಿರಬಹುದು ಎಂದು ನಾನು ಅಂದುಕೊಂಡಿದ್ದೆ.

ಬಾಣಂತನಕ್ಕೆ ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಚಿಗವ್ವ ಹಿತ್ತಲ ಬಾಗಿಲಿನಿಂದ ಬಂದಳು. ಬೆನ್ನು ಬಾಗಿತ್ತು. ಕೈಯಲ್ಲಿ ಮುಚ್ಚಿದ ತಂಬಿಗೆ. ಬಾಣಂತಿಗೆ ಎಂದು ಹಾಲು ತಂದಿದ್ದಳು. ಎಷ್ಟು ವರ್ಷಗಳ ಮೇಲೆ ಅವಳು ಒಂದು ಬಾಣಂತಿಯ ಮನೆಗೆ ಹಾಲು ತಂದದ್ದೋ. ಒಳಗೆ ಬರದೆ ಹೊಸ್ತಿಲ ಆಚೆಯೇ ನಿಂತು, ತಂಬಿಗೆಯ ಮುಚ್ಚಳ ತೆಗೆದು, ನನಗೆ ಕಾಣುವಂತೆ ಓರೆ ಮಾಡಿದಳು.

‘ನೀರ ಹಾಕಿಲ್ಲವ್ವಾ’ ಎಂದಳು. ‘ಒಂದ ಹನಿನೂ ಹಾಕಿಲ್ಲ.’

ಯಾರೂ ಕೇಳಿರಲಿಲ್ಲ. ನನಗೆ ದುಃಖ ಒತ್ತರಿಸಿ ಬಂತು, ತಡೆಯಲಾಗಲಿಲ್ಲ. ಕೂಸನ್ನು ಅವ್ವನ ಕೈಗೆ ಕೊಟ್ಟು ಎದ್ದೆ. ತಂಬಿಗೆ ಇಸಿದುಕೊಂಡು, ನೀರಿನ ಕೊಡದಲ್ಲಿ ಬೆರಳು ಅದ್ದಿ, ಅವಳ ಕಣ್ಣೆದುರೇ, ಅಜ್ಜಿ ಕಲಿಸಿದಂತೆ ಹಾಲಿನ ಮೇಲೆ ಒಂದು ಹನಿ ಚಿಮುಕಿಸಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

ಚಿಗವ್ವನ ಮುಖ ಬಿಳಿಚಿಕೊಂಡಿತು. ತಟ್ಟನೆ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿ, ಅಣ್ಣ ಮಲಗುವ ಕೋಣೆಯ ಕಡೆ ಒಮ್ಮೆ, ಬೀದಿ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿದಳು. ದನಿ ತಗ್ಗಿಸಿ, ‘ಯಾರರೆ ನೋಡಿದ್ರೇನ?’ ಎಂದು ಕೇಳಿದಳು.

ಅವ್ವ ಕೂಸನ್ನು ಎತ್ತಿಕೊಂಡೇ ಹೋಗಿ ಬೀದಿ ಬಾಗಿಲು ಮುಂದಕ್ಕೆ ಮಾಡಿದಳು. ‘ಇಲ್ಲ ಚಿಗವ್ವ, ಯಾರೂ ನೋಡಿಲ್ಲ’ ಎಂದೆ ನಾನು.